ನಮ್ಮೂರಿಗೆ ಬೇಕಾದ್ದೇನು?

“ನಮ್ಮೂರಿಗೆ ಏನಾದರೂ ಮಾಡಬೇಕು” ಎಂದು ಹೊರನಾಡಿನಲ್ಲಿರುವ ನಾವು ಸೇರಿದಾಗಲೆಲ್ಲ ಮಾತಾಡುತ್ತೇವೆ. ಎಲ್ಲಿ ಮಾಡಬೇಕೆಂಬುದಕ್ಕೆ ಡಾ. ಡಿ. ಎಂ. ನಂಜುಂಡಪ್ಪ ಸಮಿತಿ 2002ರಲ್ಲೇ ಉತ್ತರ ಕೊಟ್ಟಿತು: ಕರ್ನಾಟಕದ ಆಗಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದವು, ಅವುಗಳಲ್ಲಿ 39 ಅತ್ಯಂತ ಹಿಂದುಳಿದವು.

ಏನು ಮಾಡಬೇಕೆಂಬುದನ್ನು ಮಾತ್ರ ಊರಿನವರೇ ಹೇಳಬೇಕು. ಅದಕ್ಕೆ ಕಾನೂನಿನಲ್ಲೇ ಜಾಗವಿದೆ. ಕೆರೆ, ರಸ್ತೆ, ಸಂತೆಕಟ್ಟೆಯಂಥ ಬೇಡಿಕೆಗಳು ಮೊದಲು ವಾರ್ಡ್ ಸಭೆಯಲ್ಲಿ, ನಂತರ ಗ್ರಾಮಸಭೆಯಲ್ಲಿ ಚರ್ಚೆಯಾಗಿ ಪಂಚಾಯ್ತಿಯ ಯೋಜನೆಗೆ ಹೋಗುತ್ತವೆ. ಅಲ್ಲಿನ ಮತದಾರರು ಯಾರಾದರೂ ಎದ್ದು ತಮ್ಮ ಸಲಹೆ ಹೇಳಬಹುದು.

ನಾವು ಆ ಸಭೆಗೆ ಹೋಗಿ ಕೂರಲಾರೆವು. ಊರಲ್ಲಿರುವ ಅಣ್ಣ, ಅತ್ತಿಗೆ ಹೋಗಬಲ್ಲರು. ಹಾಗಾಗಿ ಹಣ ಕಳಿಸುವ ಮೊದಲು ಒಂದು ಫೋನ್ ಮಾಡೋಣ: “ಅಣ್ಣಾ, ಗ್ರಾಮಸಭೆಯಲ್ಲಿ ಜನ ಏನು ಕೇಳಿದರು?” ನಮ್ಮ ದೇಣಿಗೆ ಅವರು ಕೇಳಿದ್ದಕ್ಕೇ ಸಲ್ಲಲಿ.