ಹಳೆಯ ಧೂಳುಯಂತ್ರವನ್ನು ಕೊಳ್ಳುವ ಮುನ್ನ

ಮಾಗಿಯ ದಿನಗಳಲ್ಲಿ ಕೃಷ್ಣರಾಜಪೇಟೆಯಿಂದ ನಾಗಮಂಗಲದ ಕಡೆಗೆ ಪಯಣಿಸಿದವರು ಟಾರು ರಸ್ತೆಯ ಮೇಲೆ ಹರಡಿದ ರಾಗಿಯ ಕಂತೆಗಳನ್ನೂ ಹುರುಳಿಯನ್ನೂ ಕಂಡಿರುತ್ತಾರೆ. ವಾಹನಗಳ ಗಾಲಿ ಹರಿದು ಒಕ್ಕಣೆಯೇನೋ ಆಗುತ್ತದೆ. ಹೊಟ್ಟಿನ ಧೂಳು ಪಕ್ಕದ ಮನೆಗಳನ್ನು ಹೊಗುತ್ತದೆ. ಪಾಂಡವಪುರ, ಶ್ರೀರಂಗಪಟ್ಟಣಗಳ ನಾಲೆಯ ಬಯಲಿನಲ್ಲಾದರೋ ಆಲೆಮನೆಗಳ ಬೂದಿ. ಇಂಥ ಊರಿನಲ್ಲಿ ಉಬ್ಬಸದ ಮಗುವಿರುವ ಮನೆಯವರು ಧೂಳು ಹೀರುವ ಯಂತ್ರವನ್ನು, ಅಂದರೆ ವ್ಯಾಕ್ಯೂಮ್ ಕ್ಲೀನರನ್ನು, ಬಯಸುವುದು ಸಹಜ. ಹೊಸದಕ್ಕೆ ಹಣ ಸಾಲದಿದ್ದಾಗ ಹಳೆಯದನ್ನು ಹುಡುಕುತ್ತಾರೆ. ಹಳೆಯದು ಸಿಗುತ್ತದೆ ಕೂಡ: ೧೯೮೨ರಲ್ಲಿ ಹುಟ್ಟಿದ ಯೂರೇಕಾ ಫೋರ್ಬ್ಸ್ ಸಂಸ್ಥೆಯವರು ಮನೆಮನೆಯ ಬಾಗಿಲಿಗೆ ಹೋಗಿ ಮಾರಿದ ಯೂರೋಕ್ಲೀನ್ ಒಂದು ಬಗೆ, ಅಮೆರಿಕದಿಂದ ಮರಳಿದ ನೆಂಟರು ಹೊತ್ತುತಂದದ್ದು ಇನ್ನೊಂದು.

ಈ ಯಂತ್ರಕ್ಕೂ ಉಬ್ಬಸಕ್ಕೂ ನಂಟು ಹಳೆಯದು. ೧೯೦೧ರಲ್ಲಿ ಲಂಡನ್ನಿನ ಬೂತ್ ಎಂಬಾತನು ರಚಿಸಿದ ಯಂತ್ರವನ್ನು ಕುದುರೆಗಳು ಎಳೆಯಬೇಕಾಗಿತ್ತು. ಅದನ್ನು ಬೀದಿಯಲ್ಲಿ ನಿಲ್ಲಿಸಿ ಕಿಟಕಿಯ ಮೂಲಕ ಕೊಳವೆಯನ್ನು ಒಳಗೆ ಬಿಡುತ್ತಿದ್ದರು. ಕೈಯಲ್ಲಿ ನೂಕಬಹುದಾದ ಯಂತ್ರಕ್ಕೆ ೧೯೦೮ರಲ್ಲಿ ಹಕ್ಕುಪತ್ರ ಪಡೆದ ಅಮೆರಿಕದ ಸ್ಪ್ಯಾಂಗ್ಲರನು ಅಂಗಡಿಯೊಂದರಲ್ಲಿ ಕಸ ಗುಡಿಸುತ್ತಿದ್ದವನು, ಉಬ್ಬಸದ ರೋಗಿ. ಬೀಸಣಿಗೆಯ ಮೋಟಾರು, ಪೊರಕೆಯ ಹಿಡಿ, ದಿಂಬಿನ ಚೀಲ, ಇವೇ ಅವನ ಮೊದಲ ಸಾಮಗ್ರಿ. ಆ ದಿಂಬಿನ ಚೀಲದ ಮಾತಿಗೆ ಮುಂದೆ ಮರಳಿ ಬರೋಣ.

ಯಂತ್ರವು ಧೂಳನ್ನು ಎಳೆಯುತ್ತದೆಂಬುದು ಬರಿಯ ರೂಢಿಯ ಮಾತು. ಒಳಗಿನ ಚಕ್ರವು ಗಾಳಿಯನ್ನು ಹೊರಕ್ಕೆ ಎಸೆದಾಗ ಅಲ್ಲಿ ಒತ್ತಡ ತಗ್ಗುತ್ತದೆ. ಹೊರಗಿನ ವಾತಾವರಣವು ಒಳನುಗ್ಗುತ್ತ ಧೂಳನ್ನು ತಳ್ಳಿಕೊಂಡು ಬರುತ್ತದೆ. ಆದುದರಿಂದ ನಡುವೆ ಎಲ್ಲಿ ಸೀಳಿದ್ದರೂ ಗಾಳಿ ಅಲ್ಲಿಂದಲೇ ನುಗ್ಗುವುದು. ಇದನ್ನು ಕಂಡುಹಿಡಿಯಲು ಉಪಕರಣ ಬೇಡ, ಅಂಗೈ ಸಾಕು. ಯಂತ್ರ ನಡೆಯುತ್ತಿರುವಾಗ ಕೊಳವೆಯ ಬಾಯನ್ನು ಅಂಗೈಯಿಂದ ಮುಚ್ಚಿರಿ. ಮೋಟಾರಿನ ಸ್ವರ ಏರಬೇಕು. ಪಾಪ, ಮೋಟಾರು ತಿಣುಕುತ್ತಿದೆ ಎಂದು ನೋಡುವವರು ಮರುಗುತ್ತಾರೆ. ನಿಜವು ಇದಕ್ಕೆ ವಿರುದ್ಧ. ಹೊಸ ಗಾಳಿ ಬಾರದೆ ಚಕ್ರಕ್ಕೆ ಎಸೆಯುವ ಕೆಲಸವೇ ತಪ್ಪಿ, ಹೊರೆ ಇಳಿದು, ಅದು ವೇಗವಾಗಿ ತಿರುಗುತ್ತದೆ. ಗೇಟ್‌ವಾಲ್ವ್ ಮುಚ್ಚಿದಾಗ ಪಂಪ್‌ಸೆಟ್ಟಿನ ಆಂಪಿಯರ್ ಮುಳ್ಳು ಇಳಿಯುವುದನ್ನು ನಮ್ಮ ರೈತರು ಬಲ್ಲರು. ಹೊರೆ ಇಳಿಯುವ ಕಾರಣ ಎರಡರಲ್ಲೂ ಒಂದೇ. ಸ್ವರ ಏರದಿದ್ದರೆ ಕೊಳವೆಯನ್ನು ಕಳಚಿ ಯಂತ್ರದ ಬಾಯನ್ನೇ ಮುಚ್ಚಿ ನೋಡಿ. ಆಗ ಏರಿದರೆ ಕೊಳವೆ ಹರಿದಿದೆ, ಅಲ್ಪ ಖರ್ಚಿನ ಮಾತು. ಆಗಲೂ ಏರದಿದ್ದರೆ ಮುಚ್ಚಳದ ರಬ್ಬರು ಸತ್ತಿರಬಹುದು. ಕೈಯನ್ನು ಮಾತ್ರ ಬೇಗ ತೆಗೆಯತಕ್ಕದ್ದು: ಅನೇಕ ಯಂತ್ರಗಳಲ್ಲಿ ಹೀರಿದ ಗಾಳಿಯೇ ಮೋಟಾರನ್ನು ತಂಪಾಗಿಡುವುದು.

ಫಲಕದ ಮೇಲಿನ ವಾಟ್ ಸಂಖ್ಯೆಗೆ ಮರುಳಾಗಬೇಡಿ. ಅದು ನುಂಗುವ ವಿದ್ಯುತ್ತಿನ ಲೆಕ್ಕ, ಹೀರುವ ಬಲದ್ದಲ್ಲ. ವೋಲ್ಟ್ ಸಂಖ್ಯೆಯನ್ನು ಮಾತ್ರ ಓದಲೇಬೇಕು. ಅಮೆರಿಕದ ಯಂತ್ರ ೧೨೦ ವೋಲ್ಟಿನದು. ನಮ್ಮ ೨೩೦ ವೋಲ್ಟಿಗೆ ನೇರವಾಗಿ ಜೋಡಿಸಿದರೆ ಸುಟ್ಟುಹೋದೀತು. ಅದಕ್ಕೆ ತಕ್ಕ ಟ್ರಾನ್ಸ್‌ಫಾರ್ಮರಿನ ಬೆಲೆ ಸೇರಿಸಿದರೆ ಅಗ್ಗದ ಮಾತೇ ಉಳಿಯದು. ಗಾಳಿಯ ಕಂಡಿಯಲ್ಲಿ ಇಣುಕಿದಾಗ ಸಣ್ಣ ನೀಲಿ ಕಿಡಿ ಕಂಡರೆ ಅಂಜಬೇಕಿಲ್ಲ. ಕಿಡಿ ಬೆಂಕಿಯ ಬಳೆಯಂತೆ ಸುತ್ತಿಕೊಂಡರೆ ಕಾರ್ಬನ್ ಬ್ರಷ್ ಸವೆದಿದೆ, ಇಲ್ಲವೆ ಒಳಗಿನ ಸುರುಳಿಯೇ ಕೆಟ್ಟಿದೆ. ಬ್ರಷ್ ಬದಲಿಸುವುದು ಸುಲಭ, ಸುರುಳಿ ಕಟ್ಟಿಸುವುದು ದುಬಾರಿ. ವೈರಿನ ರಬ್ಬರು ಬಿರಿದಿದ್ದರೆ ಯಂತ್ರವನ್ನು ನಡೆಸಿ ನೋಡುವ ಸಾಹಸವೇ ಬೇಡ. ಪಂಪ್‌ಸೆಟ್ಟಿನ ಮೋಟಾರು ಕಟ್ಟುವವರು ನಮ್ಮ ಕಡೆ ವಿರಳರಲ್ಲ. ಅಂಥವರಿಂದ ಮೆಗ್ಗರ್ ಹಿಡಿಸಿ, ಮೈಗೆ ವಿದ್ಯುತ್ತು ಸೋರುವುದಿಲ್ಲವೆಂದು ತಿಳಿದ ಮೇಲೆ ಹಣ ಕೊಡಿ.

ಇನ್ನು ದಿಂಬಿನ ಚೀಲ. ಉಬ್ಬಸದ ಮನೆಗೆ ಎಲ್ಲಕ್ಕಿಂತ ಮುಖ್ಯವಾದುದು ಇದೇ. ನಮ್ಮ ಕೂದಲಿನ ದಪ್ಪ ಸುಮಾರು ೭೦ ಮೈಕ್ರಾನ್; ಶ್ವಾಸಕೋಶದ ಆಳಕ್ಕೆ ಇಳಿಯುವ ಕಣಗಳು ೨.೫ ಮೈಕ್ರಾನಿಗೂ ಕಿರಿದು. ಹಳೆಯ ಬಟ್ಟೆಚೀಲವು ಹೊಟ್ಟು, ಕೂದಲುಗಳನ್ನು ತಡೆದು ಇಂಥ ನವಿರು ಕಣಗಳನ್ನು ಬಿಟ್ಟುಬಿಡುತ್ತದೆ. ನೆಲದ ಮೇಲೆ ಸುಮ್ಮನೆ ಮಲಗಿದ್ದ ಧೂಳನ್ನು ಮಗುವಿನ ಮೂಗಿನ ಎತ್ತರಕ್ಕೆ ತೂರುವ ಯಂತ್ರವನ್ನು ಹಣ ಕೊಟ್ಟು ತಂದಂತಾಗುತ್ತದೆ. ಪರೀಕ್ಷೆ ಹೀಗೆ: ಜಮಖಾನದ ಮೇಲೆ ಒಂದು ಚಮಚ ರಾಗಿಹಿಟ್ಟನ್ನು ಉದುರಿಸಿ, ಕೋಣೆಯನ್ನು ಕತ್ತಲು ಮಾಡಿ, ಗಾಳಿ ಹೊರಬೀಳುವ ಕಂಡಿಗೆ ಅಡ್ಡಲಾಗಿ ಟಾರ್ಚಿನ ಬೆಳಕು ಬಿಟ್ಟು, ಹಿಟ್ಟನ್ನು ಹೀರಿಸಿ. ಬೆಳಕಿನ ಕೋಲಿನಲ್ಲಿ ಹೊಗೆಯಂತೆ ಮಿನುಗಿದರೆ ಚೀಲ ಸೋರುತ್ತಿದೆ. ಮಿನುಗದಿದ್ದರೂ ಅತಿ ಸಣ್ಣ ಕಣಗಳು ಕಣ್ಣಿಗೆ ಬಿದ್ದಿರಲಾರವು. ೦.೩ ಮೈಕ್ರಾನಿನ ಕಣಗಳಲ್ಲಿ ನೂರಕ್ಕೆ ೯೯.೯೭ ಭಾಗವನ್ನು ತಡೆಯುವ ಹೆಪಾ ಶೋಧಕವನ್ನು ಸೋರದಂತೆ ಕೂರಿಸಲು ಸಾಧ್ಯವಾದರೆ ಮಾತ್ರ ಅಂಥ ಮನೆಯವರು ಹಳೆಯ ಯಂತ್ರವನ್ನು ಕೊಳ್ಳಲಿ.

ಸಾಧ್ಯವಾಗದಿದ್ದರೆ? ರೆಡ್ ಆಕ್ಸೈಡ್ ನೆಲಕ್ಕೆ, ಕಡಪ ಕಲ್ಲಿಗೆ ಒದ್ದೆಬಟ್ಟೆಯೇ ಮೇಲೆಂದು ನನ್ನ ಅಭಿಪ್ರಾಯ. ನೀರಿಗೆ ಅಂಟಿದ ಕಣ ಹಾರಲಾರದು. ಹಾಸಿಗೆ, ಅಟ್ಟ, ಪುಸ್ತಕದ ಕಪಾಟುಗಳಿಗೆ ಯಂತ್ರ ಬೇಕೆನಿಸಿದರೆ, ಆ ಹೊತ್ತಿಗೆ ಮಗುವನ್ನು ಹೊರಗೆ ಕಳುಹಿಸಿ, ಕಿಟಕಿ ತೆರೆದು, ಧೂಳು ಅಡಗಿದ ಮೇಲೆ ಕರೆತನ್ನಿ. ತುಂಬಿದ ಚೀಲವನ್ನು ಹಿತ್ತಿಲಿನಲ್ಲಿ, ಗಾಳಿಗೆ ಬೆನ್ನು ಮಾಡಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು ದೊಡ್ಡವರೇ ಬರಿದುಮಾಡಬೇಕು.