ಮೊಳದ ಕಾವಿನ ಗುದ್ದಲಿ

1956ರ ಮೆಕ್ಸಿಕೊ. ಅಮೆರಿಕದ ಹೊಲಗಳಿಗೆ ಆಳು ಆರಿಸುವ ಮಾಂಟೆರ್ರೆಯ ನೇಮಕಾತಿ ಕೇಂದ್ರದಲ್ಲಿ ಗಂಡಸರ ಉದ್ದನೆಯ ಸಾಲು. ಸರದಿ ಬಂದವನು ಎರಡೂ ಅಂಗೈ ಚಾಚಬೇಕು. ಪರೀಕ್ಷಿಸುವಾತ ಹುಡುಕುವುದು ಜಡ್ಡನ್ನು. ಕೈ ಜಡ್ಡುಗಟ್ಟಿದ್ದರೆ ಮುಂದೆ ಹೋಗು, ಮೆತ್ತಗಿದ್ದರೆ ಊರಿಗೆ ನಡೆ. ಈ ಸಾಲಿನಲ್ಲಿ ನಿಲ್ಲುವುದಕ್ಕೇ ಊರಿನ ಅಧಿಕಾರಿಯ ಕೈ ಬೆಚ್ಚಗೆ ಮಾಡಿದವರು, ಅದಕ್ಕೆಂದು ಸಾಲ ಮಾಡಿದವರು ಅಲ್ಲಿ ಕಡಿಮೆಯಿರಲಿಲ್ಲ.

ಲಿಯೊನಾರ್ಡ್ ನಡೆಲ್ ಎಂಬ ಅಮೆರಿಕದ ಛಾಯಾಗ್ರಾಹಕ ಆ ವರ್ಷ ಕ್ಯಾಮೆರಾ ಹೆಗಲಿಗೇರಿಸಿ ಈ ಕೂಲಿಯಾಳುಗಳ ಹಿಂದೆ ಹೋದ. ಗಡಿ ದಾಟಿದ ಮೇಲೆ ಟೆಕ್ಸಾಸ್‌ನ ಹಿಡಾಲ್ಗೊದಲ್ಲಿ ಅವನು ತೆಗೆದ ಚಿತ್ರವೊಂದಿದೆ. ಬಟ್ಟೆ ಕಳಚಿ ನಿಂತವರ ಮುಖಕ್ಕೆ, ತನ್ನ ಮೂಗುಬಾಯಿ ಮುಚ್ಚಿಕೊಂಡ ನೌಕರನೊಬ್ಬ ಬಿಳಿ ಪುಡಿ ಊದುತ್ತಿದ್ದಾನೆ. ಡಿಡಿಟಿ. ಅದೇ ಕಾಲದಲ್ಲಿ ನಮ್ಮ ಮಲೆನಾಡಿನಲ್ಲಿ ಮಲೇರಿಯಾ ಓಡಿಸಲು ಅದನ್ನು ಮನೆಗೋಡೆಗೆ ಹೊಡೆಯುತ್ತಿದ್ದರು. ಅಲ್ಲಿ ಗೋಡೆಯ ಜಾಗದಲ್ಲಿ ಮನುಷ್ಯರೇ ನಿಂತಿದ್ದರು.

ಇದೆಲ್ಲ ಶುರುವಾದದ್ದು 1942ರ ಆಗಸ್ಟ್‌ನಲ್ಲಿ. ಯುದ್ಧದಿಂದಾಗಿ ಹೊಲಗಳಿಗೆ ಆಳು ಸಾಲದೆ ಅಮೆರಿಕ ಸರ್ಕಾರ ಮೆಕ್ಸಿಕೊದೊಡನೆ ಒಪ್ಪಂದ ಮಾಡಿಕೊಂಡಿತು. ಗಂಟೆಗೆ ಕನಿಷ್ಠ 30 ಸೆಂಟ್ ಕೂಲಿ, ಇರಲು ಜಾಗ, ಹೋಗಿಬರುವ ಖರ್ಚು. ಮೊದಮೊದಲು ಉಳಿತಾಯದ ಹೆಸರಿನಲ್ಲಿ ಕೂಲಿಯ ಶೇ 10ರಷ್ಟನ್ನು ಹಿಡಿದಿಟ್ಟರು. ಎಷ್ಟೋ ಜನರಿಗೆ ಆ ಹಣ ಮರಳಲೇ ಇಲ್ಲ. ಯುದ್ಧವೇನೋ ಮುಗಿಯಿತು, ಅಗ್ಗದ ಕೂಲಿಯ ರುಚಿ ಹತ್ತಿದ ಜಮೀನಿನ ಒಡೆಯರು ಬಿಡಬೇಕಲ್ಲ! 1964ರ ಕೊನೆಗೆ ಯೋಜನೆ ನಿಲ್ಲುವ ಹೊತ್ತಿಗೆ ಸುಮಾರು 46 ಲಕ್ಷ ಕರಾರುಗಳಾಗಿದ್ದವು. ಒಬ್ಬನೇ ಮತ್ತೆ ಮತ್ತೆ ಹೋಗಿಬಂದದ್ದೂ ಇದರಲ್ಲಿ ಸೇರಿದೆ. ಹೀಗೆ ಹೋದವರನ್ನು ಬ್ರಸೇರೊಗಳೆಂದು ಕರೆದರು.

ಅವರಲ್ಲಿ ಬಹಳ ಮಂದಿ ಬಂದಿಳಿದದ್ದು ಕ್ಯಾಲಿಫೋರ್ನಿಯಾದ ಸಾಲಿನಾಸ್ ಕಣಿವೆಗೆ. ಕಾದಂಬರಿಕಾರ ಸ್ಟೈನ್‌ಬೆಕ್ ಹುಟ್ಟಿದ ನೆಲ ಅದು. ಬೆಳಿಗ್ಗೆ ಕಡಲ ಕಡೆಯಿಂದ ಬಂದ ಮಂಜು ಹೊಲದ ಮೇಲೆ ಕೂತೇ ಇರುತ್ತದೆ. ಅದರಡಿಯಲ್ಲಿ ಲೆಟ್ಯೂಸ್ ಸಾಲುಗಳು, ಕಣ್ಣು ಹೋದಷ್ಟು ದೂರ. ಒತ್ತೊತ್ತಾಗಿ ಮೊಳೆತ ಸಸಿಗಳಲ್ಲಿ ಅಂತರ ನೋಡಿ ಒಂದೊಂದನ್ನು ಉಳಿಸಿ ಮಿಕ್ಕವನ್ನು ಕೊಚ್ಚಿ ತೆಗೆಯಬೇಕು. ಅದಕ್ಕೆ ಕೊಡುತ್ತಿದ್ದ ಗುದ್ದಲಿಯ ಕಾವು ಹೆಚ್ಚುಕಡಿಮೆ ಒಂದು ಮೊಳ. ಎಲ್ ಕೊರ್ತಿತೊ ಎಂದು ಆಳುಗಳು ಕರೆಯುತ್ತಿದ್ದದ್ದು ಇದನ್ನೇ. ಹಿಡಿದವನು ಕೂರುವಂತಿಲ್ಲ, ನಿಲ್ಲುವಂತಿಲ್ಲ. ಸೊಂಟದಲ್ಲಿ ಎರಡಾಗಿ ಮಡಚಿಕೊಂಡೇ ಸಾಗಬೇಕು. ಬಲಗೈ ಕೊಚ್ಚುತ್ತದೆ, ಎಡಗೈ ಅಂಟಿಕೊಂಡ ಸಸಿ ಬಿಡಿಸುತ್ತದೆ, ಒಂದು ಹೆಜ್ಜೆ. ಮತ್ತೆ ಕೊಚ್ಚು, ಮತ್ತೆ ಬಿಡಿಸು, ಮತ್ತೊಂದು ಹೆಜ್ಜೆ. ಬಿಸಿಲೇರಿ ಮಂಜು ಹರಿದಾಗ ಹೊಲದಲ್ಲಿ ಮುಖಗಳು ಕಾಣುವುದಿಲ್ಲ. ಟೋಪಿಗಳು, ಬೆನ್ನುಗಳು, ಅಷ್ಟೆ.

ಕಾವು ಗಿಡ್ಡವಾದರೆ ಕಣ್ಣು ಸಸಿಗೆ ಹತ್ತಿರ, ಪೆಟ್ಟು ತಪ್ಪುವುದಿಲ್ಲ ಎಂಬುದು ಒಡೆಯರ ಸಮಜಾಯಿಷಿ. ಇರಬಹುದು. ಆದರೆ ಇನ್ನೊಂದು ಅನುಕೂಲವೂ ಇತ್ತು. ಮೇಸ್ತ್ರಿ ಹೊಲದ ಅಂಚಿನಲ್ಲಿ ನಿಂತು ಒಮ್ಮೆ ಕಣ್ಣಾಡಿಸಿದರೆ ಸಾಕು, ಯಾರ ಬೆನ್ನು ನೆಟ್ಟಗಾಯಿತೋ ಅವನು ಕೆಲಸ ನಿಲ್ಲಿಸಿದ್ದಾನೆ. ಉದ್ದ ಕಾವಿನವನು ನಿಂತಲ್ಲೇ ಉಸಿರು ತೆಗೆದುಕೊಂಡರೆ ಗೊತ್ತಾಗುವುದು ಹೇಗೆ? ಆ ಮೊಳದ ಅಳತೆಯನ್ನು ಗೊತ್ತುಮಾಡಿದ್ದು ಸಸಿಗಿಂತ ಹೆಚ್ಚಾಗಿ ಮೇಸ್ತ್ರಿಯ ಕಣ್ಣೇ ಎಂದು ನನಗನ್ನಿಸುತ್ತದೆ.

1963ರ ಸೆಪ್ಟೆಂಬರ್ 17ರಂದು ಇದೇ ಕಣಿವೆಯ ಚುವಲಾರ್ ಬಳಿ, ಬಸ್ಸಿನಂತೆ ಮಾರ್ಪಡಿಸಿದ ಲಾರಿಯೊಂದು ಬ್ರಸೇರೊಗಳನ್ನು ತುಂಬಿಕೊಂಡು ಹಳಿ ದಾಟುತ್ತಿದ್ದಾಗ ಗೂಡ್ಸ್ ರೈಲು ಬಂದು ಬಡಿಯಿತು. ಸತ್ತವರು 32 ಮಂದಿ. ಮುಂದಿನ ವರ್ಷ ಯೋಜನೆಯೇ ಮುಗಿಯಿತು, ಗುದ್ದಲಿ ಮಾತ್ರ ಹೊಲದಲ್ಲೇ ಉಳಿಯಿತು. ಬಡ ಕೂಲಿಗಳ ಪರ ವಕೀಲರು ವೈದ್ಯರಿಂದ ಬೆನ್ನುಮೂಳೆಯ ಸಾಕ್ಷ್ಯ ಹೇಳಿಸಿ ವರ್ಷಗಟ್ಟಲೆ ಬಡಿದಾಡಿದರು. 1975ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ ಅವರ ಮಾತು ಎತ್ತಿಹಿಡಿಯಿತು. ಅದೇ ವರ್ಷ ಗಿಡ್ಡ ಕಾವು ನಿಷೇಧವಾಯಿತು. ಉದ್ದ ಕಾವಿನ ಗುದ್ದಲಿ ಬಂದ ಮೇಲೂ ಸಾಲಿನಾಸ್‌ನಲ್ಲಿ ಲೆಟ್ಯೂಸ್ ಮೊದಲಿನ ಹಾಗೇ ಬೆಳೆಯಿತು.