ಕಾಡಿನ ಹಣ, ಕಾಡಿನ ಋಣ

ರಾಘವಾಂಕನ ಹರಿಶ್ಚಂದ್ರಕಾವ್ಯದ ಬೇಟೆಯ ಪ್ರಸಂಗವನ್ನು ಪಾಠ ಹೇಳುತ್ತಿದ್ದ ದಿನ, ಹಿಂದಿನ ಬೆಂಚಿನ ವಿದ್ಯಾರ್ಥಿಯೊಬ್ಬನು ಎದ್ದು ನಿಂತು, “ಸಾರ್, ಇಷ್ಟೆಲ್ಲ ಬೇಟೆಯಾಡಿದ ಅರಸ ಕಾಡಿಗೆ ತಿರುಗಿ ಏನು ಕೊಟ್ಟ?” ಎಂದು ಕೇಳಿದನು. ತರಗತಿ ನಕ್ಕಿತು. ನಾನೂ ನಕ್ಕೆನು, ಆದರೆ ಉತ್ತರ ಹೊಳೆಯಲಿಲ್ಲ. ಆ ಪ್ರಶ್ನೆಯ ಬೆನ್ನು ಹತ್ತಿದ ನನ್ನ ಓದು ಕಡೆಗೆ ಹೋಗಿ ಮುಟ್ಟಿದ್ದು ಅಮೆರಿಕದ ಕಾಡನ್ನು.

ಅಲ್ಲಿ ಬೇಟೆಗಾರನು ತೆರುತ್ತಾನೆ. ಪ್ರತಿಯೊಂದು ಸಂಸ್ಥಾನದ ವನ್ಯಜೀವಿ ಇಲಾಖೆಗೂ ಬೇಟೆಯ ಪರವಾನಗಿಯ ಹಣವೇ ಬಹುಕಾಲದ ಆಧಾರ. 1937ರ ಶಾಸನವೊಂದು ಇದಕ್ಕೆ ಇನ್ನೊಂದು ಕಂಬವನ್ನು ಕೊಟ್ಟಿತು. ಉದ್ದ ನಳಿಗೆಯ ಬಂದೂಕು ಮತ್ತು ತೋಟಾಗಳ ಮೇಲಿನ ನೂರಕ್ಕೆ 11ರ ಸುಂಕವನ್ನು ಕೇಂದ್ರ ಸರ್ಕಾರವು ಸಂಸ್ಥಾನಗಳಿಗೆ ಹಂಚುತ್ತದೆ. ಹಂಚಿಕೆಯಲ್ಲಿ ಅರ್ಧ ನೆಲದ ವಿಸ್ತಾರವನ್ನೂ, ಇನ್ನರ್ಧ ಪರವಾನಗಿ ಪಡೆದವರ ಸಂಖ್ಯೆಯನ್ನೂ ಅನುಸರಿಸುತ್ತದೆ. ಆದರೆ ಒಂದು ಕಟ್ಟುಪಾಡುಂಟು: ಪರವಾನಗಿಯ ಹಣವನ್ನು ಇಲಾಖೆಯ ಕೆಲಸಕ್ಕಲ್ಲದೆ ಬೇರೆಯದಕ್ಕೆ ತಿರುಗಿಸಕೂಡದು. ಆ ಹಣದಿಂದ ಕೊಂಡ ನೆಲದಲ್ಲಿ ದೊರೆಯುವ ಮರ, ಬೆಳೆ, ಖನಿಜಗಳ ಉತ್ಪತ್ತಿಗೂ ಇದೇ ನಿಯಮ.

ಇದು ಕೇಳಲು ಸೊಗಸು. ನಡೆಸುವುದು ಎಷ್ಟು ಕಷ್ಟವೆಂಬುದಕ್ಕೆ ಮಿಷಿಗನ್ ಸಂಸ್ಥಾನದ ಪಿಜನ್ ರಿವರ್ ಕಾಡೇ ಸಾಕ್ಷಿ. ನಮ್ಮ ಕಡವೆಯ ದಾಯಾದಿಯಾದ ಎಲ್ಕ್ ಆ ಸೀಮೆಯಲ್ಲಿ ನಿರ್ವಂಶವಾಗಿತ್ತು. 1918ರಲ್ಲಿ ಪಶ್ಚಿಮದಿಂದ ತಂದು ಬಿಟ್ಟ ಏಳು ಎಲ್ಕ್‌ಗಳು ಹಿಂಡಾಗಿ ಬೆಳೆದವು. 1970ರಲ್ಲಿ ಅದೇ ಕಾಡಿನಡಿಯಲ್ಲಿ ಎಣ್ಣೆ ಸಿಕ್ಕಿತು. ಕಾಡನ್ನು ಕಾಯಬೇಕಾದ ಸರ್ಕಾರವೇ ಎಣ್ಣೆಗೂ ಒಡೆಯ! ವ್ಯಾಜ್ಯವು ಸಂಸ್ಥಾನದ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು. ಬಾವಿ ತೋಡಿದರೆ ಎಲ್ಕ್‌ಗಳಿಗೆ ತೀರದ ಹಾನಿಯಾದೀತೆಂದು 1979ರಲ್ಲಿ ನ್ಯಾಯಾಲಯವು ತಡೆಯಿತು. ಮರುವರ್ಷವೇ ಶಾಸನಸಭೆಯು ಕಾಡಿನ ದಕ್ಷಿಣ ಭಾಗದಲ್ಲಿ ಮಾತ್ರ, ನಿರ್ಬಂಧಗಳೊಡನೆ, ಅನುಮತಿಯಿತ್ತಿತು. ಈ ನಡುವೆ, 1976ರಲ್ಲಿ, ಖನಿಜದ ಹಣದಿಂದ ಸಾರ್ವಜನಿಕರಿಗಾಗಿ ನೆಲವನ್ನು ಕೊಳ್ಳುವ ನಿಧಿಯೊಂದು ಹುಟ್ಟಿತ್ತು. 1984ರಲ್ಲಿ ಮತದಾರರು ಅದನ್ನು ಸಂಸ್ಥಾನದ ಸಂವಿಧಾನದಲ್ಲಿಯೇ ಸೇರಿಸಿದರು. 2011ರ ಹೊತ್ತಿಗೆ ಆ ನಿಧಿಯು ತನ್ನ ಮಿತಿಯಾದ 50 ಕೋಟಿ ಡಾಲರನ್ನು ಮುಟ್ಟಿತು.

ಮಗುವನ್ನೂ ಚಿವುಟಿ ತೊಟ್ಟಿಲನ್ನೂ ತೂಗುವ ಕೆಲಸವಲ್ಲವೇ ಇದು? ಹೌದು. ಆದರೂ ತೀರಿಹೋಗುವ ಎಣ್ಣೆಯನ್ನು ತೀರದ ನೆಲವಾಗಿ ಮಾರ್ಪಡಿಸಿದ ಜಾಣ್ಮೆಯನ್ನು ಅಲ್ಲಗಳೆಯಲಾರೆ. ಅದಕ್ಕಿಂತ ನನ್ನ ಮನಸ್ಸನ್ನು ಹಿಡಿದದ್ದು ಬೇರೆ. ತಾನು ತೆತ್ತ ಹಣ ಎಲ್ಲಿ ಹೋಯಿತೆಂದು ಅಲ್ಲಿಯ ಬೇಟೆಗಾರನಿಗೆ ಗೊತ್ತು. ಆದುದರಿಂದ ಕಾಡು ತನ್ನದೆಂದು ಜಗಳವಾಡಬಲ್ಲ.

ನಮ್ಮ ಅಜ್ಜನ ನೆನಪಾಗುತ್ತದೆ. ಹಿತ್ತಲ ಬೇಲಿಯ ಬುಡದಲ್ಲಿ ಹಕ್ಕಿ ಉದುರಿಸಿದ ಬೀಜದಿಂದ ಗಂಧದ ಸಸಿ ತಲೆಯೆತ್ತಿದರೆ, ಆತ ಯಾರಿಗೂ ಹೇಳದೆ ಅದನ್ನು ಕಿತ್ತು ಒಲೆಗೆ ಹಾಕುತ್ತಿದ್ದ. “ಮರ ಸರ್ಕಾರದ್ದು, ಕಳುವಾದರೆ ಕೋಳ ನಮ್ಮದು” ಎನ್ನುತ್ತಿದ್ದ. ಶ್ರೀಗಂಧದ ನಾಡೆಂದು ನಾವು ಹಾಡುತ್ತ ಬಂದೆವು. ಗಂಧದ ಹಣ ಬೊಕ್ಕಸವನ್ನು ಸೇರಿತು. ಮರ ಬೆಳೆದ ನೆಲದವನಿಗೆ ಉಳಿದದ್ದು ಭಯ. ಬೆಳೆದವನೇ ಒಡೆಯನೆಂದು ನಮ್ಮ ಕಾನೂನು ಒಪ್ಪಿದ್ದು 2001ರಲ್ಲಿ. ಅಷ್ಟರಲ್ಲಿ ಅಜ್ಜನೂ ಇರಲಿಲ್ಲ, ಬೇಲಿಯ ಬುಡದಲ್ಲಿ ಸಸಿಯೂ ಇರಲಿಲ್ಲ.

ಮಾರನೆಯ ವಾರ ಆ ವಿದ್ಯಾರ್ಥಿಗೆ ಹೇಳಿದೆನು: “ಅರಸ ಏನು ಕೊಟ್ಟನೋ ಕವಿಯನ್ನೇ ಕೇಳಬೇಕಪ್ಪ. ಆದರೆ ಕಾಡಿನಿಂದ ಪಡೆದದ್ದು ಕಾಡಿಗೂ, ಅದರ ಮಗ್ಗುಲಲ್ಲಿ ಬಾಳುವವನಿಗೂ ಮರಳದಿದ್ದರೆ, ಸಸಿಯನ್ನು ಕೀಳುವ ಕೈ ನಮ್ಮ ಮನೆಯೊಳಗೇ ಹುಟ್ಟುತ್ತದೆ.” ಈ ಸಲ ತರಗತಿ ನಗಲಿಲ್ಲ.